ಭೌತಶಾಸ್ತ್ರದ ಮೇಷ್ಟ್ರಿಗೊಂದು ಬಿನ್ನವತ್ತಳೆ

ನಮ್ಮ ಸಂತೇಬೆನ್ನೂರಿನಲ್ಲಿ ಕವಿಗಳಿಗೆ ಸನ್ಮಾನ ಆಗುತ್ತದೆ, ಎಕರೆಗೆ ಹೆಚ್ಚು ಅಡಿಕೆ ಬೆಳೆದವರಿಗೆ ಆಗುತ್ತದೆ, ಚುನಾವಣೆಯಲ್ಲಿ ಸೋತವರಿಗೂ ಸಮಾಧಾನಕ್ಕೆಂದು ಶಾಲು ಹೊದಿಸಿದ್ದುಂಟು. ಆದರೆ ಮೂವತ್ತು ವರ್ಷ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಪಾಠ ಮಾಡಿದವರಿಗೆ ಒಂದು ಹಾರ ಹಾಕಿದ ನೆನಪು ಯಾರಿಗೂ ಇಲ್ಲ. ಬರುವ ತಿಂಗಳು ನಿವೃತ್ತರಾಗುವ ಪ್ರೊಫೆಸರೊಬ್ಬರಿಗೆ ಬಿನ್ನವತ್ತಳೆ ಬರೆದುಕೊಡಿ ಎಂದು ಊರಿನ ಹುಡುಗರು ಬಂದು ಕೇಳಿದಾಗ, ಈ ಅನ್ಯಾಯ ಇಲ್ಲಿಗೆ ಸಾಕು ಎಂದು ಒಪ್ಪಿಕೊಂಡೆ. ಬರೆಯುತ್ತ ಹೋದದ್ದು ಫ್ರೇಮಿಗೆ ಹಿಡಿಸದಷ್ಟಾಯಿತು. ಪ್ರಿಂಟಿಂಗ್ ಪ್ರೆಸ್ಸಿನವರು ನಾಲ್ಕು ಸಾಲು ಇಟ್ಟುಕೊಂಡು ಉಳಿದದ್ದನ್ನು ವಾಪಸು ಕೊಟ್ಟರು. ಆ ಉಳಿದದ್ದು ಇದು. ಯಾವ ವಿಶ್ವವಿದ್ಯಾಲಯ, ಯಾವ ಪ್ರೊಫೆಸರು ಎಂದು ಕೇಳಬೇಡಿ. ಬಿ.ಎಸ್ಸಿ. ಓದಿದ ಯಾರೇ ಆಗಲಿ ‘ಇವರು ನಮ್ಮವರೇ’ ಎಂದುಕೊಂಡರೆ ಅಡ್ಡಿಯಿಲ್ಲ.

ಮೊದಲು ಹೊಗಳಬೇಕಾದದ್ದು ಅವರ ಶ್ರದ್ಧೆಯನ್ನು. ತಮ್ಮ ಸಂಶೋಧನೆಯ ಕೋಣೆಯಲ್ಲಿ ಅವರು ಯಾರನ್ನೂ ನಂಬುವವರಲ್ಲ. ನ್ಯಾನೋ ಕಣಗಳ ಮೇಲೆ ಪ್ರಬಂಧ ಬರೆಯುವಾಗ ಒಂದೊಂದು ಮಾದರಿಯನ್ನೂ ಐದೈದು ಸಲ ಅಳೆದು, ಪ್ರತಿ ಅಳತೆಗೂ ದೋಷದ ಮಿತಿ ಹಾಕಿ, ಅಷ್ಟಾದ ಮೇಲೂ ‘ಹೀಗಿರಬಹುದೆಂದು ತೋರುತ್ತದೆ’ ಎನ್ನುತ್ತಾರೆ, ‘ಹೀಗೇ’ ಎನ್ನುವುದಿಲ್ಲ. ಅದೇ ಪ್ರೊಫೆಸರು ಕಾರಿಡಾರ್ ದಾಟಿ ತರಗತಿಯ ಹೊಸ್ತಿಲು ತುಳಿದರೆ ಪರಮ ಆಸ್ತಿಕರು. ‘ನಾನು ಹೇಳಿದೆ, ಆದ್ದರಿಂದ ಅವರಿಗೆ ತಿಳಿಯಿತು’ ಎಂಬ ಸಿದ್ಧಾಂತಕ್ಕೆ ಮೂವತ್ತು ವರ್ಷದಲ್ಲಿ ಒಂದು ಅಳತೆ ಕೇಳಿಲ್ಲ, ಒಂದು ಪುರಾವೆ ಬೇಡಿಲ್ಲ. ಸಂಶಯವನ್ನು ಚಪ್ಪಲಿಯೊಂದಿಗೆ ಹೊರಗೆ ಬಿಟ್ಟು ಒಳಗೆ ಬರುವ ಇಂಥ ಭಕ್ತಿ ನಮ್ಮ ರಂಗನಾಥಸ್ವಾಮಿಯ ಒಕ್ಕಲಿನವರಲ್ಲೂ ಈಗ ಅಪರೂಪ.

ಅವರ ನೋಟ್ಸಿನ ವಿಷಯ ಬರೆಯದಿದ್ದರೆ ಬಿನ್ನವತ್ತಳೆಗೆ ಶೋಭೆಯಿಲ್ಲ. ಎಂ.ಎಸ್ಸಿ. ಓದುವಾಗ ತಮ್ಮ ಗುರುಗಳು ಬರೆಸಿದ್ದನ್ನು ಅವರು ರಟ್ಟು ಹಾಕಿಸಿ ಇಟ್ಟುಕೊಂಡಿದ್ದಾರೆ. ಆ ಗುರುಗಳಿಗೆ ಅದನ್ನು ಅವರ ಗುರುಗಳು ಬರೆಸಿದ್ದರಂತೆ. ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶ ಮಾಡಲೂ ಆಗದು, ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸಬಹುದಷ್ಟೇ ಎಂದು ಆ ನೋಟ್ಸಿನ ಎರಡನೇ ಪುಟದಲ್ಲಿದೆ. ನೋಟ್ಸು ಶಕ್ತಿಗಿಂತ ಒಂದು ಕೈ ಮೇಲು. ಅದರ ರೂಪವೂ ಬದಲಾಗುವುದಿಲ್ಲ. ನಾಲ್ಕನೇ ಪುಟದ ಒಂದು ಸಮೀಕರಣದಲ್ಲಿ ಮೂರು ತಲೆಮಾರಿನ ಹಿಂದೆ ಯಾರೋ ಮೈನಸ್ ಚಿಹ್ನೆ ಬಿಟ್ಟಿದ್ದಾರೆ. ಇಂದಿಗೂ ಅದು ಅಲ್ಲಿಲ್ಲ. ಆದರೆ ಎರಡು ಸಾಲು ಕೆಳಗೆ, ಉತ್ತರ ಸರಿಬರಬೇಕಾದ ಜಾಗದಲ್ಲಿ, ತಾನಾಗಿ ಪ್ರತ್ಯಕ್ಷವಾಗುತ್ತದೆ. ಎಲ್ಲಿಂದ ಬಂತೆಂದು ಯಾವ ಹುಡುಗನೂ ಕೇಳಿಲ್ಲ, ಪ್ರೊಫೆಸರರೂ ತಮ್ಮ ಕಾಲದಲ್ಲಿ ಕೇಳಿರಲಿಲ್ಲ. ಗುರುಪರಂಪರೆ ಎಂದರೆ ಇದೇ.

ಇಂಥ ಪಾಠಕ್ಕೆ ದೊಡ್ಡ ಪೂರ್ವಜರಿದ್ದಾರೆ. ಐಸಾಕ್ ನ್ಯೂಟನ್ 1669ರಲ್ಲಿ ಕೇಂಬ್ರಿಜ್‌ನ ಲುಕೇಷಿಯನ್ ಪೀಠ ಏರಿದವರು. ಅವರ ಉಪನ್ಯಾಸಕ್ಕೆ ಬರುವವರು ಕಡಿಮೆ, ಬಂದವರಲ್ಲಿ ತಿಳಿಯುವವರು ಇನ್ನೂ ಕಡಿಮೆ; ಎಷ್ಟೋ ಸಲ ಕೇಳುವವರಿಲ್ಲದೆ ಗೋಡೆಗಳಿಗೇ ಪಾಠ ಓದಿದಂತಾಗುತ್ತಿತ್ತು ಎಂದು ಅವರ ಬರಹಗಾರನಾಗಿದ್ದ ಹಂಫ್ರಿ ನ್ಯೂಟನ್ ನೆನಪಿಸಿಕೊಂಡಿದ್ದಾನೆ. ಪಾಪ, ನ್ಯೂಟನ್ನರಿಗೆ ಹಾಜರಾತಿ ಪುಸ್ತಕದ ಉಪಾಯ ಹೊಳೆದಿರಲಿಲ್ಲ. ನಮ್ಮ ಪ್ರೊಫೆಸರರ ಕೈಯಲ್ಲಿ ಶೇ. 75 ಹಾಜರಾತಿಯ ನಿಯಮ ಇದೆ. ಅವರ ಗೋಡೆಗಳು ‘ಪ್ರೆಸೆಂಟ್ ಸರ್’ ಎನ್ನುತ್ತವೆ.

ಹಾಗೆಂದು ಅವರು ಪ್ರಶ್ನೆ ಕೇಳಲು ಅವಕಾಶ ಕೊಡುವುದಿಲ್ಲವೆಂದು ತಿಳಿಯಬಾರದು. ಗಂಟೆ ಮುಗಿಯುವ ಹೊತ್ತಿಗೆ ಒಂದು ಕೈಯಲ್ಲಿ ಡಸ್ಟರ್ ಎತ್ತಿಕೊಂಡು ‘ಎನಿ ಡೌಟ್ಸ್?’ ಎಂದು ಕೇಳಿಯೇ ಕೇಳುತ್ತಾರೆ. ಆ ಮಾತು ಮುಗಿಯುವುದಕ್ಕೂ ಬೋರ್ಡು ಒರೆಸುವುದಕ್ಕೂ ನಡುವಿನ ಕಾಲಾವಧಿಯನ್ನು ಅಳೆಯುವ ಗಡಿಯಾರ ನಮ್ಮ ಜಿಲ್ಲೆಯಲ್ಲಿಲ್ಲ. ಯಾರೂ ಬಾಯಿ ಬಿಡುವುದಿಲ್ಲ. ಎಲ್ಲರಿಗೂ ಅರ್ಥವಾಗಿದೆ ಎಂಬ ದಾಖಲೆ ದಿನವೂ ಹೀಗೆ ಸಿದ್ಧವಾಗುತ್ತದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ತಿಳಿಯಲಿಲ್ಲವೆಂದು ಅನುಮಾನ ಬಂದರೆ, ಅದೇ ಇಂಗ್ಲಿಷ್ ವಾಕ್ಯವನ್ನು ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ ಓದುವ ಔದಾರ್ಯವೂ ಅವರಿಗಿದೆ.

ಒಮ್ಮೆ ಅವರ ವಿಭಾಗದ ಶೈಕ್ಷಣಿಕ ಪ್ರವಾಸ ನಮ್ಮ ಊರಿಗೇ ಬಂದಿತ್ತು. ಪುಷ್ಕರಣಿಯ ಮೆಟ್ಟಿಲ ಮೇಲೆ ಅವರನ್ನು ಕಣ್ಣಾರೆ ಕಂಡ ಭಾಗ್ಯ ನನ್ನದು. ಹದಿನಾರನೇ ಶತಮಾನದಲ್ಲಿ ಪಾಳೆಯಗಾರ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ಹೊಂಡ. ನಟ್ಟನಡುವೆ ನೀರಿನೊಳಗಿಂದ ಎದ್ದ ವಸಂತ ಮಂಟಪ, ದಡದಲ್ಲಿ ಮುಸಾಫಿರ್‌ಖಾನೆ. ಕೆಲಸವಿಲ್ಲದವನು ಅಲ್ಲಿ ಕೂತರೆ ಸಾಕು, ಭೌತಶಾಸ್ತ್ರ ತಾನಾಗಿ ಮೈಮೇಲೆ ಬೀಳುತ್ತದೆ. ನೀರೊಳಗಿನ ಮೆಟ್ಟಿಲು ನಾಲ್ಕು ಅಡಿ ಕೆಳಗಿದ್ದರೆ ಕಣ್ಣಿಗೆ ಮೂರೇ ಅಡಿಯಲ್ಲಿ ಕಾಣುತ್ತದೆ. ಅದನ್ನು ನಂಬಿ ಕಾಲಿಟ್ಟ ಮಕ್ಕಳು ಮುಗ್ಗರಿಸುತ್ತಾರೆ. ಕಲ್ಲೊಂದನ್ನು ಎಸೆದರೆ ಅಲೆ ಮಂಟಪದ ಕಟ್ಟೆಗೆ ಬಡಿದು ತಿರುಗಿ ಬಂದು ತನ್ನ ಹಿಂದಿನ ಅಲೆಯೊಂದಿಗೇ ಹೆಣೆದುಕೊಳ್ಳುತ್ತದೆ. ಮಂಟಪದ ನೆರಳು ನೀರಿನಲ್ಲಿ ತಲೆಕೆಳಗಾಗಿ ನಿಂತಿರುತ್ತದೆ. ಗಾಳಿ ಬಂದರೆ ಅದು ಯಾಕೆ ಉದ್ದುದ್ದ ಎಳೆದುಕೊಳ್ಳುತ್ತದೆ ಎಂಬುದು ಒಂದು ಮಧ್ಯಾಹ್ನಕ್ಕೆ ಸಾಕಾಗುವ ಪ್ರಶ್ನೆ.

ಹುಡುಗನೊಬ್ಬ ಕೆಳಗಿನ ಮೆಟ್ಟಿಲು ತೋರಿಸಿ, ‘ಸರ್, ಇದು ಮೇಲೆ ಬಂದ ಹಾಗೆ ಯಾಕೆ ಕಾಣುತ್ತೆ?’ ಎಂದ. ಬೇರೆ ಯಾರಾದರೂ ಆಗಿದ್ದರೆ ಜಾರಿಬಿಡುತ್ತಿದ್ದರು. ಪ್ರೊಫೆಸರು ಜಾರಲಿಲ್ಲ. ‘ಅದು ಯುನಿಟ್ ಮೂರು. ನಾವಿನ್ನೂ ಯುನಿಟ್ ಎರಡರಲ್ಲಿದ್ದೇವೆ’ ಎಂದರು. ಹುಡುಗ ನೀರಿನಿಂದ ಕಣ್ಣು ತೆಗೆದ. ಆಮೇಲೆ ಎಲ್ಲರೂ ಮಂಟಪಕ್ಕೆ ಬೆನ್ನು ಮಾಡಿ ಗ್ರೂಪ್ ಫೋಟೋ ತೆಗೆಸಿಕೊಂಡು, ಟಿಫನ್ ಮಾಡಿ, ಸೂಳೆಕೆರೆ ನೋಡಲು ಬಸ್ಸು ಹತ್ತಿದರು. ಕೆರೆಯಲ್ಲಿ ನೀರು ಏರಿದಂತೆ ತೂಬಿನಿಂದ ಹೊರಬೀಳುವ ನೀರು ಯಾಕೆ ರಭಸವಾಗುತ್ತದೆ ಎಂಬುದು ಯಾವ ಯುನಿಟ್ಟೋ ತಿಳಿಯದು. ಅಲ್ಲಿಯೂ ಫೋಟೋ ಚೆನ್ನಾಗಿ ಬಂತಂತೆ.

ಈ ಸಂಯಮದ ಬೆಲೆ ತಿಳಿಯಬೇಕಾದರೆ ಸಂಯಮವಿಲ್ಲದವರ ಗತಿ ನೋಡಬೇಕು. ಸಿ.ವಿ. ರಾಮನ್ 1921ರಲ್ಲಿ ಹಡಗಿನಲ್ಲಿ ಬರುವಾಗ ಸಮುದ್ರ ಯಾಕೆ ನೀಲಿ ಎಂದು ತಲೆ ಕೆಡಿಸಿಕೊಂಡರು. ಯಾವ ಸಿಲಬಸ್ಸಿನಲ್ಲೂ ಇಲ್ಲದ ಪ್ರಶ್ನೆ. ಅದರ ಬೆನ್ನು ಹತ್ತಿ ಏಳು ವರ್ಷ ಕಳೆದರು. ಕೊನೆಗೆ 1928ರ ಮಾರ್ಚ್ 16ರಂದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ನಿಂತು, ಚದುರಿದ ಬೆಳಕಿನಲ್ಲಿ ಹೊಸದೇನೋ ಕಂಡಿತೆಂದು ಸಾರಬೇಕಾಯಿತು. ಇದಕ್ಕಿಂತ ದೊಡ್ಡ ಅವಿವೇಕ ಇನ್ನೊಂದಿದೆ. 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯ ಅವರಿಗೆ ಪಾಲಿತ್ ಪೀಠ ಕೊಟ್ಟಾಗ ಪಾಠ ಮಾಡಲೇಬೇಕೆಂಬ ಕರಾರು ಇರಲಿಲ್ಲ. ಕರಾರಿಲ್ಲದೆಯೂ ತರಗತಿಗೆ ಹೋಗಿ ಪಾಠ ಮಾಡಿದರು! ವರ್ಕ್‌ಲೋಡ್ ಲೆಕ್ಕಕ್ಕೆ ಸಿಗದ ಪಾಠ ಮಾಡಿದವರನ್ನು ನಮ್ಮ ಪ್ರೊಫೆಸರು ಮನಸ್ಸಿನಲ್ಲಿ ಕ್ಷಮಿಸಿದ್ದಾರೆ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನ ತಪ್ಪದೆ ರಾಮನ್ನರ ಫೋಟೋಕ್ಕೆ ಹಾರ ಹಾಕುತ್ತಾರೆ.

ಅದೇ ಸೆಂಟ್ರಲ್ ಕಾಲೇಜಿನಲ್ಲಿ ಅದಕ್ಕೂ ಮುಂಚೆ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರದು ಬೇರೆ ರೀತಿಯ ಅತಿರೇಕ. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಕೆಲಸ ಮುಗಿಯಿತೆಂದು ಮನೆಗೆ ಹೋಗಬಹುದಿತ್ತು. ಅವರು 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ತೆಗೆದರು. ಕಾಲೇಜಿನ ಬಾಗಿಲು ಕಾಣದವರಿಗೂ ವಿಜ್ಞಾನ ಮುಟ್ಟಲಿ ಎಂಬ ಹಂಬಲ. ಪತ್ರಿಕೆ ಎರಡು ವರ್ಷಕ್ಕೆ ನಿಂತಿತು. ಅದಕ್ಕೆ ಐಎಸ್‌ಎಸ್‌ಎನ್ ಸಂಖ್ಯೆಯೂ ಇರಲಿಲ್ಲ, ಯುಜಿಸಿ ಪಟ್ಟಿಯಲ್ಲಿ ಹೆಸರೂ ಇರಲಿಲ್ಲ. ಬರೆದವರಿಗೆ ಒಂದು ಅಂಕವೂ ಹುಟ್ಟಲಿಲ್ಲ.

ಎಲ್ಲರಿಗಿಂತ ಹೆಚ್ಚು ಹಾನಿ ಮಾಡಿದವರು ಎಚ್. ನರಸಿಂಹಯ್ಯ. ಇವರ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು, ಯಾಕೆಂದರೆ ನಮ್ಮ ಪ್ರೊಫೆಸರರ ಗುಣಗಳು ಇವರ ಪಕ್ಕದಲ್ಲಿಟ್ಟರೆ ಎದ್ದು ಕಾಣುತ್ತವೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡವರ ಮಗ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜದ ಭೌತಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಿ 1960ರಲ್ಲಿ ಮುಗಿಸಿದವರು. ಅಲ್ಲೇ ಉಳಿಯಬಹುದಿತ್ತು. ಹೋಗಲಿ, ವಾಪಸು ಬಂದವರು ಒಂದು ಸೈಟು ಮಾಡಿ ಮನೆ ಕಟ್ಟಿಸಬಹುದಿತ್ತು. ಖಾದಿ ಪಂಚೆ, ಜುಬ್ಬ, ಟೋಪಿ ಹಾಕಿಕೊಂಡು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ ಹುಡುಗರ ನಡುವೆ ಬದುಕು ಕಳೆದರು. ಪ್ರೊಫೆಸರು ಎಂದರೆ ವಿದ್ಯಾರ್ಥಿಗೂ ಆತನಿಗೂ ಒಂದು ಅಂತರ ಬೇಡವೆ? ನಮ್ಮ ಪ್ರೊಫೆಸರನ್ನು ಅವರ ಚೇಂಬರಿನಲ್ಲಿ ಕಾಣಬೇಕಾದರೆ ಅಟೆಂಡರನ್ನು ಕೇಳಬೇಕು. ಅಟೆಂಡರು ‘ಮೀಟಿಂಗ್‌ನಲ್ಲಿದಾರೆ’ ಎನ್ನುತ್ತಾನೆ. ಮೀಟಿಂಗ್ ಯಾವುದೆಂದು ಅಟೆಂಡರಿಗೂ ಗೊತ್ತಿರುವುದಿಲ್ಲ.

ನರಸಿಂಹಯ್ಯನವರು ಅಷ್ಟಕ್ಕೆ ಸುಮ್ಮನಾಗಲಿಲ್ಲ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ದಾರಿಹೋಕರನ್ನೂ ಕೂಡಿಸಿಕೊಂಡು ವಾರವಾರ ವಿಜ್ಞಾನದ ಉಪನ್ಯಾಸ ಏರ್ಪಡಿಸಿದರು. ಹಾಜರಾತಿ ಇಲ್ಲ, ಇಂಟರ್ನಲ್ಸ್ ಇಲ್ಲ, ಸರ್ಟಿಫಿಕೇಟೂ ಇಲ್ಲ. ಆದರೂ ಜನ ಬಂದು ಕೂತರು. ಇದರಿಂದ ಆದ ಅಪಾಯ ನೋಡಿ: ಅಂಕಕ್ಕಲ್ಲದೆಯೂ ಭೌತಶಾಸ್ತ್ರ ಕೇಳಬಹುದೆಂಬ ಗುಟ್ಟು ಊರಿಗೆಲ್ಲ ಬಯಲಾಯಿತು. 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲಾದರೂ ಕುರ್ಚಿಯ ಗೌರವಕ್ಕೆ ತಕ್ಕಂತೆ ರಿಬ್ಬನ್ ಕತ್ತರಿಸಿಕೊಂಡು ಇರಬಹುದಿತ್ತಲ್ಲ. 1976ರಲ್ಲಿ ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸುತ್ತೇವೆಂದು ವಿಶ್ವವಿದ್ಯಾಲಯದಿಂದಲೇ ಸಮಿತಿ ಮಾಡಿದರು. ಗಾಳಿಯಿಂದ ವಿಭೂತಿ, ಉಂಗುರ ಬರಿಸುವವರಿಗೆ ನಮ್ಮೆದುರೂ ಬರಿಸಿ ತೋರಿಸಿ ಎಂದು ಪತ್ರ ಹೋಯಿತು. ಪ್ರಶ್ನೆ ಕೇಳುವ ಚಟವನ್ನು ಪ್ರಯೋಗಾಲಯದ ಗೋಡೆಯೊಳಗೇ ತಡೆಯದಿದ್ದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ನಮ್ಮ ಪ್ರೊಫೆಸರರು ಪವಾಡದ ತಂಟೆಗೆ ಹೋದವರಲ್ಲ. ಅವರ ವಿಭಾಗದಲ್ಲಿ ಹೊಸ ಸ್ಪೆಕ್ಟ್ರೋಮೀಟರ್ ಬಂದಾಗ ನಿಂಬೆಹಣ್ಣು ಕತ್ತರಿಸಿ, ಕುಂಕುಮ ಹಚ್ಚಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅದು ಇಂದಿಗೂ ಹೊಸದಾಗಿಯೇ ಇದೆ.

ಹೊರದೇಶದವರು ಇನ್ನೊಂದು ಬಗೆಯಲ್ಲಿ ಹದಗೆಟ್ಟಿದ್ದಾರೆ. ಹಾರ್ವರ್ಡ್‌ನ ಎರಿಕ್ ಮಜೂರ್ ಎಂಬ ಭೌತವಿಜ್ಞಾನಿ ಒಳ್ಳೆಯ ಉಪನ್ಯಾಸಕನೆಂದು ಹೆಸರು ಮಾಡಿದ್ದಾತ. 1990ರ ಸುಮಾರಿಗೆ ಆತನಿಗೆ ಏನು ತೋಚಿತೋ, ಬಲ, ಚಲನೆ ಎಂಬ ಮೊದಲ ಪಾಠಗಳ ಮೇಲೆ ಸರಳ ಪ್ರಶ್ನೆಗಳನ್ನು ತನ್ನ ವಿದ್ಯಾರ್ಥಿಗಳಿಗೆ ಕೊಟ್ಟ. ಒಬ್ಬ ವಿದ್ಯಾರ್ಥಿನಿ, ನೀವು ಕಲಿಸಿದ ಪ್ರಕಾರ ಬರೆಯಲೋ ನಾನು ನಿಜವಾಗಿ ಯೋಚಿಸುವ ಪ್ರಕಾರ ಬರೆಯಲೋ ಎಂದು ಕೇಳಿದಳಂತೆ. ಮಜೂರ್ ನಿದ್ದೆಗೆಟ್ಟು, ಉಪನ್ಯಾಸ ಕಡಿಮೆ ಮಾಡಿ, ಪಕ್ಕದವರೊಂದಿಗೆ ವಾದ ಮಾಡಿ ಉತ್ತರ ಹುಡುಕಿ ಎಂದು ತರಗತಿಯನ್ನು ಹುಡುಗರ ಕೈಗೇ ಕೊಟ್ಟುಬಿಟ್ಟ. ನಮ್ಮಲ್ಲಿ ಅಂಥ ಗೊಂದಲ ಹುಟ್ಟುವುದಿಲ್ಲ. ಯೋಚಿಸುವುದು ಮನೆಗೆ, ಬರೆಯುವುದು ಪರೀಕ್ಷೆಗೆ ಎಂದು ಒಂದನೇ ಸೆಮಿಸ್ಟರಿನಲ್ಲೇ ನಮ್ಮ ಮಕ್ಕಳಿಗೆ ತಿಳಿದಿರುತ್ತದೆ. ಯಂತ್ರಶಾಸ್ತ್ರದಲ್ಲಿ ಡಿಸ್ಟಿಂಕ್ಷನ್ ಪಡೆದ ನಮ್ಮ ಬೀದಿಯ ಹುಡುಗ ತೋಟದಲ್ಲಿ ನಿಂತು, ಗೊಂಚಲು ಭಾರ ಇರುತ್ತೆ, ಬಿಡಿ ಅಡಿಕೆಗಿಂತ ಬೇಗ ನೆಲಕ್ಕೆ ಬೀಳುತ್ತೆ ಎಂದು ಅಪ್ಪನಿಗೆ ಹೇಳುತ್ತಾನೆ. ಗೆಲಿಲಿಯೋ ಪ್ರಶ್ನೆ ಪತ್ರಿಕೆಯಲ್ಲಿರುತ್ತಾನೆ, ತೋಟಕ್ಕೆ ಬರುವುದಿಲ್ಲ.

ರಿಚರ್ಡ್ ಹೇಕ್ ಎಂಬ ಇನ್ನೊಬ್ಬ ಅಮೆರಿಕದ ಭೌತವಿಜ್ಞಾನಿ 1998ರಲ್ಲಿ 62 ಕೋರ್ಸುಗಳ 6,542 ವಿದ್ಯಾರ್ಥಿಗಳ ಫಲಿತಾಂಶ ಗುಡ್ಡೆ ಹಾಕಿದ. ಕೋರ್ಸಿನ ಮೊದಲು ಒಂದು ಪರೀಕ್ಷೆ, ಕೊನೆಗೆ ಅದೇ ಪರೀಕ್ಷೆ. ಮೊದಲು ಗೊತ್ತಿಲ್ಲದಿದ್ದುದರಲ್ಲಿ ಎಷ್ಟು ಪಾಲು ಆಮೇಲೆ ಗೊತ್ತಾಯಿತು ಎಂಬುದು ಲೆಕ್ಕ. ಚರ್ಚೆ, ಪ್ರಯೋಗ ಎಂದು ಕೈ ಬಾಯಿ ಆಡಿಸಿದ ತರಗತಿಗಳಲ್ಲಿ ಸರಾಸರಿ ಶೇ. 48, ಕೂತು ಉಪನ್ಯಾಸ ಕೇಳಿದ ಕಡೆ ಶೇ. 23. ಹೇಕ್ ಇದನ್ನು ಉಪನ್ಯಾಸದ ಸೋಲೆಂದು ಓದಿದ. ನಮ್ಮ ಪ್ರೊಫೆಸರು ಸರಿಯಾಗಿ ಓದಿದರು. ಏನೂ ಮಾಡದೆ ಸುಮ್ಮನೆ ಕೂತರೂ ಶೇ. 23 ತಲೆಗೆ ಹೋಗಿಯೇ ತೀರುತ್ತದೆ. ಪಾಸಾಗಲು ಬೇಕಾದ ಉಳಿದದ್ದನ್ನು ಇಂಟರ್ನಲ್ ಮಾರ್ಕ್ಸಿನಲ್ಲಿ ತುಂಬಿದರಾಯಿತು. ಆ ಕೊರತೆ ತುಂಬುವುದರಲ್ಲಿ ಅವರ ಕೈ ಎಂದೂ ಹಿಡಿತದ್ದಲ್ಲ.

ಕೆಲವರು ಗೊಣಗುತ್ತಾರೆ: ಪ್ರೊಫೆಸರು ತರಗತಿಗೆ ಬರುವುದೇ ಅಪರೂಪ, ಪಾಠವೆಲ್ಲ ಅತಿಥಿ ಉಪನ್ಯಾಸಕರದು ಎಂದು. ಇದನ್ನು ತ್ಯಾಗವೆಂದು ತಿಳಿಯಬೇಕು. ಕಲಿಸುವುದರಲ್ಲಿ ಇರುವ ಸುಖವನ್ನೆಲ್ಲ ಅತಿಥಿಗೆ ಬಿಟ್ಟುಕೊಟ್ಟು, ಕಾಯಂ ಸಂಬಳದ ಭಾರವನ್ನಷ್ಟೇ ತಾವು ಹೊತ್ತಿದ್ದಾರೆ. 2010ರಲ್ಲಿ ಯುಜಿಸಿ ಬಡ್ತಿಗೆ ಎಪಿಐ ಅಂಕ ಜೋಡಿಸಿದ ಮೇಲಂತೂ ಅವರಿಗೆ ಬಿಡುವೇ ಇರಲಿಲ್ಲ. ಪ್ರಬಂಧಕ್ಕೆ ಅಂಕ, ವಿಚಾರಸಂಕಿರಣಕ್ಕೆ ಅಂಕ. ಪಾಠ ಮಾಡಿದ ಗಂಟೆಗೂ ಅಂಕ ಇತ್ತು, ಆದರೆ ಕಲಿತ ವಿದ್ಯಾರ್ಥಿಗೆ ಎಷ್ಟು ಅಂಕ ಎಂಬ ಕಾಲಂ ಅವರಿಗೆ ಸಿಗಲಿಲ್ಲವಂತೆ. ನ್ಯಾಕ್ ತಂಡ ಬರುವಾಗ ಮಾತ್ರ ಅದೂ ಬೇಕೆಂದರು. ಅತಿಥಿ ಉಪನ್ಯಾಸಕರು ರಾತ್ರಿ ಕೂತು ಎಕ್ಸೆಲ್ ಶೀಟಿನಲ್ಲಿ ಮಕ್ಕಳ ಕಲಿಕೆಯನ್ನು ಸಾಧಿಸಿಕೊಟ್ಟರು.

ಪ್ರಯೋಗಾಲಯದ ವಿಷಯವನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡೆ, ಅಲ್ಲಿ ಅವರ ಪ್ರತಿಭೆ ಪೂರ್ತಿ ಅರಳುತ್ತದೆ. ಗುರುತ್ವ ವೇಗೋತ್ಕರ್ಷ, ಮಕ್ಕಳ ಬಾಯಲ್ಲಿ ‘ಜಿ’, ಅದನ್ನು ಕಂಡುಹಿಡಿಯಲು ಬಾರ್ ಪೆಂಡುಲಮ್ ಪ್ರಯೋಗ. ತೂತುಗಳಿರುವ ಕಬ್ಬಿಣದ ಪಟ್ಟಿಯನ್ನು ಚೂಪಾದ ಅಂಚಿನ ಮೇಲೆ ತೂಗುಹಾಕಿ, ಒಂದೊಂದು ತೂತಿನಿಂದಲೂ ಇಪ್ಪತ್ತು ತೂಗಾಟಕ್ಕೆ ಎಷ್ಟು ಸೆಕೆಂಡು ಎಂದು ಬರೆದು, ಗ್ರಾಫ್ ಎಳೆದು ಲೆಕ್ಕ ಮಾಡಬೇಕು. ತಿಳಿದವರು ಮೊದಲು ಉತ್ತರ ಬರೆದು ಆಮೇಲೆ ಕೋಷ್ಟಕ ತುಂಬುತ್ತಾರೆ. ಸ್ಟಾಪ್‌ವಾಚ್ ಕೆಟ್ಟಿದ್ದರೂ, ಪಟ್ಟಿ ಬಾಗಿದ್ದರೂ, ಕರೆಂಟು ಹೋಗಿ ಕತ್ತಲಾಗಿದ್ದರೂ ಅವರ ಲ್ಯಾಬಿನಲ್ಲಿ ಉತ್ತರ ಸೆಕೆಂಡಿನ ವರ್ಗಕ್ಕೆ 980 ಸೆಂಟಿಮೀಟರ್. ಸೀನಿಯರ್ ರೆಕಾರ್ಡುಗಳು ಅದಕ್ಕೆ ಸಾಕ್ಷಿ.

ನಮ್ಮ ಬೀದಿಯ ಹುಡುಗಿಯೊಬ್ಬಳು, ಬೆಳಗಿನ ಬಸ್ಸಿಗೆ ಹೋಗಿ ಕತ್ತಲಾದ ಮೇಲೆ ಬರುವವಳು, ರೆಕಾರ್ಡ್ ನೋಡದೆ ನಿಜವಾಗಿಯೂ ಎಣಿಸಿದಳು. 978 ಬಂತು. ‘ಸ್ಟ್ಯಾಂಡರ್ಡ್ ವ್ಯಾಲ್ಯೂ 980. ಎರಡು ಎಲ್ಲಿ ಹೋಯ್ತಮ್ಮ?’ ಎಂದು ಪ್ರೊಫೆಸರು ಪುಟದ ಮೇಲೆ ಕೆಂಪು ಗೀಟು ಎಳೆದರು.

‘ಅಲ್ಲ ದೊಡ್ಡಪ್ಪ, ಮತ್ತೆ ಮತ್ತೆ ಎಣಿಸಿದೆ. ಅಷ್ಟೇ ಬರುತ್ತೆ. ನಾನೇನ್ ಮಾಡ್ಲಿ?’ ಎಂದು ನನ್ನ ಹತ್ತಿರ ಬಂದು ಗೋಳಾಡಿದಳು.

ತಪ್ಪು ಭೂಮಿಯದು, ನಿನ್ನದಲ್ಲ ಎಂದು ಸಮಾಧಾನ ಹೇಳಿದೆ. 980.665 ಎಂಬುದು 1901ರಲ್ಲಿ ತೂಕ ಅಳತೆಯ ಅಂತರರಾಷ್ಟ್ರೀಯ ಸಮ್ಮೇಳನದವರು ಸೇರಿ ಒಪ್ಪಿಕೊಂಡ ಸಂಖ್ಯೆ. ಸುಮಾರು 45 ಡಿಗ್ರಿ ಅಕ್ಷಾಂಶದಲ್ಲಿ, ಸಮುದ್ರಮಟ್ಟದಲ್ಲಿ ಇರುವವರಿಗೆ ಅದು ಹೊಂದುತ್ತದೆ. ನಾವಿರುವುದು 14 ಡಿಗ್ರಿಯಲ್ಲಿ, ಸಮುದ್ರದಿಂದ 600 ಮೀಟರ್ ಆಸುಪಾಸು ಎತ್ತರದಲ್ಲಿ. ಭೂಮಿ ನಡುವಿನಲ್ಲಿ ಉಬ್ಬಿದೆ, ಮೇಲಾಗಿ ತಿರುಗುತ್ತಿದೆ. ಹಾಗಾಗಿ ಈ ಸೀಮೆಯಲ್ಲಿ ಗುರುತ್ವ ಒಂದು ಕಣ ಕಡಿಮೆ, 978ರ ಹತ್ತಿರ. ಅಕ್ಷಾಂಶ ಬದಲಾದರೆ ಜಿ ಬದಲಾಗುತ್ತದೆ ಎಂಬ ಪಾಠವನ್ನು ಪ್ರೊಫೆಸರು ಹಿಂದಿನ ವಾರವೇ ಬರೆಸಿದ್ದರಂತೆ. ಆದರೆ ಅದು ಥಿಯರಿ, ಇದು ಪ್ರಾಕ್ಟಿಕಲ್. ಎರಡನ್ನೂ ಬೆರೆಸುವಷ್ಟು ಕೀಳು ಮಟ್ಟಕ್ಕೆ ಇಳಿಯುವವರಲ್ಲ ಅವರು. ಹುಡುಗಿ ಎರಡು ಸೆಂಟಿಮೀಟರ್ ಸೇರಿಸಿ ಹೊಸ ಪುಟ ಬರೆದಳು. ‘ವೆರಿ ಗುಡ್’ ಎಂದು ಸಹಿ ಬಿತ್ತು.

ವೈವಾ ದಿನ ಹೊರಗಿನ ಪರೀಕ್ಷಕರು ಬಂದಿದ್ದರು. ರೆಕಾರ್ಡ್ ತಿರುವಿಹಾಕಿ, ಎಲ್ಲರನ್ನೂ ಕೇಳುವ ಮೊದಲ ಪ್ರಶ್ನೆಯನ್ನೇ ಅವಳನ್ನೂ ಕೇಳಿದರು: ‘ಜಿ ಎಷ್ಟು?’

‘ಎಲ್ಲಿ ಸರ್?’ ಎಂದಳು.

ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿದರು. ಕೋಣೆ ಸ್ತಬ್ಧವಾಯಿತು. ಪಕ್ಕದಲ್ಲಿ ಕೂತಿದ್ದ ನಮ್ಮ ಪ್ರೊಫೆಸರು ಕೂಡಲೇ ಮುಂದೆ ಬಾಗಿ, ತಗ್ಗಿದ ದನಿಯಲ್ಲಿ, ‘ಹಳ್ಳಿ ಕಡೆಯ ಹುಡುಗಿ ಸಾರ್, ಭಯಕ್ಕೆ ಏನೇನೋ ಹೇಳ್ತಾಳೆ. ರೆಕಾರ್ಡ್ ಚೆನ್ನಾಗಿ ಬರೆದಿದ್ದಾಳೆ, ಏನಾದ್ರೂ ಹಾಕಿ’ ಎಂದರು. ಹತ್ತಕ್ಕೆ ಆರು ಬಿತ್ತು. ಅವರು ಅಷ್ಟು ಹೇಳದಿದ್ದರೆ ಅದೂ ಸಿಗುತ್ತಿರಲಿಲ್ಲ ಎಂದು ಉಳಿದ ಹುಡುಗರು ಹೇಳುತ್ತಾರೆ. ಸನ್ಮಾನದ ಚಂದಾ ಪಟ್ಟಿಯಲ್ಲಿ ಅವಳದೂ ನೂರು ರೂಪಾಯಿ ಇದೆ.